ಲಿವರ್‌ಗೆ ಜಾಗವಿಲ್ಲದ ಕಾರು

1989ರ ಮಾರ್ಚ್ 26, ಭಾನುವಾರ. ರಿಯೊ ಡಿ ಜನೈರೊದ ಜಕರೆಪಗ್ವಾ ಟ್ರ್ಯಾಕಿನ ಮೇಲೆ ಕಾದ ಕಾವಲಿಯಂಥ ಬಿಸಿಲು. ಆ ವರ್ಷದ ಮೊದಲ ಫಾರ್ಮುಲಾ ಒನ್ ಪಂದ್ಯ. ಫೆರಾರಿಗೆ ಆಗಷ್ಟೇ ಸೇರಿದ್ದ ಇಂಗ್ಲೆಂಡಿನ ನೈಜೆಲ್ ಮ್ಯಾನ್ಸೆಲ್ ಮನೆಗೆ ಬೇಗ ಹೊರಡುವ ವಿಮಾನದಲ್ಲಿ ಸೀಟು ನೋಡಿಟ್ಟಿದ್ದ. ಇದನ್ನು ಅವನೇ ಆಮೇಲೆ ತಮಾಷೆಯಾಗಿ ಹೇಳಿಕೊಂಡ. ಅವನ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ. ಪಂದ್ಯ 61 ಸುತ್ತಿನದು. ಅವನ ಕೆಂಪು ಕಾರು, ಫೆರಾರಿ 640, ಪರೀಕ್ಷೆಯ ದಿನಗಳಲ್ಲಿ ಒಂದು ಪಂದ್ಯದಷ್ಟು ದೂರವನ್ನು ಕೆಡದೆ ಓಡಿದ್ದೇ ಇಲ್ಲ. ಒಂದಷ್ಟು ಸುತ್ತು ಓಡುವುದು, ಗೇರ್‌ಬಾಕ್ಸ್ ಕೈಕೊಡುವುದು, ಮೆಕ್ಯಾನಿಕ್‌ಗಳು ತಲೆ ಮೇಲೆ ಕೈಹೊತ್ತು ಕೂರುವುದು. ಚಳಿಗಾಲವೆಲ್ಲ ಹೀಗೇ ಕಳೆದಿತ್ತು.

ಆ ಕಾರಿನೊಳಗೆ ಇಣುಕಿದವರಿಗೆ ಏನೋ ಒಂದು ಇಲ್ಲ ಅನ್ನಿಸುತ್ತಿತ್ತು. ಚಾಲಕನ ಬಲತೊಡೆಯ ಪಕ್ಕದಲ್ಲಿ ಇರಬೇಕಾದ ಗೇರ್ ಲಿವರ್ ಇರಲಿಲ್ಲ. ಅದರ ಬದಲು ಸ್ಟೀರಿಂಗ್‌ನ ಹಿಂಬದಿಗೆ, ಬೆರಳಿಗೆ ಎಟಕುವ ಹಾಗೆ, ಎರಡು ಚಪ್ಪಟೆ ಪಟ್ಟಿಗಳಿದ್ದವು. ಬಲಗಡೆಯದನ್ನು ಎಳೆದರೆ ಮೇಲಿನ ಗೇರು, ಎಡಗಡೆಯದನ್ನು ಎಳೆದರೆ ಕೆಳಗಿನದು. ಕ್ಲಚ್ ತುಳಿಯಬೇಕಾದದ್ದು ನಿಂತಲ್ಲಿಂದ ಹೊರಡುವಾಗ ಮಾತ್ರ. ಇವತ್ತು ಇಪ್ಪತ್ತು ಲಕ್ಷದ ಕಾರಿನಲ್ಲೂ ಸಿಗುವ, ಸಿಕ್ಕರೂ ಬಹಳ ಜನ ಮುಟ್ಟದೇ ಬಿಡುವ ಪ್ಯಾಡಲ್ ಶಿಫ್ಟರ್ ಪಂದ್ಯದ ಕಣಕ್ಕೆ ಇಳಿದದ್ದು ಆ ಮಧ್ಯಾಹ್ನ.

ಆರನೆಯ ಸ್ಥಾನದಿಂದ ಹೊರಟ ಮ್ಯಾನ್ಸೆಲ್. ಮೊದಲ ತಿರುವಿನಲ್ಲೇ ಅವನ ಜತೆಗಾರ ಗೆರ್‌ಹಾರ್ಡ್ ಬರ್ಗರ್, ಐರ್‌ಟನ್ ಸೆನ್ನಾ, ರಿಕಾರ್ಡೊ ಪಟ್ರೇಸೆ ಮೂವರ ನಡುವೆ ತಿಕ್ಕಾಟವಾಗಿ ದಾರಿ ಸ್ವಲ್ಪ ತೆರವಾಯಿತು. ಆಮೇಲೆ ಎಲ್ಲರೂ ಗೇರ್‌ಬಾಕ್ಸ್ ಯಾವಾಗ ಸಾಯುತ್ತದೆ ಎಂದು ಕಾಯತೊಡಗಿದರು. ಅದು ಸಾಯಲಿಲ್ಲ. ಬದಲಿಗೆ ಸ್ಟೀರಿಂಗ್ ಸಡಿಲವಾಯಿತು. ಟೈರ್ ಬದಲಿಸಲು ಪಿಟ್‌ಗೆ ಬಂದಾಗ ತಂಡದವರು ಸ್ಟೀರಿಂಗನ್ನೇ ಕಿತ್ತು ಇನ್ನೊಂದನ್ನು ಕೂರಿಸಿದರು. ಪ್ಯಾಡಲ್‌ಗಳೂ ಅದರ ಜತೆಗೇ ಬದಲಾದವು. ಅತ್ತ ಮೆಕ್‌ಲಾರೆನ್‌ನ ಆಲೆನ್ ಪ್ರಾಸ್ಟ್‌ಗೆ ಬೇರೆಯೇ ಕಷ್ಟ. ಅವನದು ಲಿವರ್, ಕ್ಲಚ್ ಎಲ್ಲ ಇದ್ದ ನಂಬಿಕಸ್ಥ ಹಳೆಯ ಏರ್ಪಾಡು. ಆ ದಿನ ಕ್ಲಚ್ಚೇ ಕೆಟ್ಟಿತು. ನಿಂತರೆ ಮತ್ತೆ ಹೊರಡುವುದು ಖಾತ್ರಿಯಿಲ್ಲ ಎಂದು ಎರಡನೆಯ ಸಲ ಟೈರ್ ಬದಲಿಸಲು ನಿಲ್ಲದೆ, ಸವೆದ ಟೈರಿನಲ್ಲೇ ಕೊನೆಯವರೆಗೆ ಓಡಿದ. ಸುಮಾರು ಎಂಟು ಸೆಕೆಂಡಿನ ಅಂತರದಲ್ಲಿ ಮ್ಯಾನ್ಸೆಲ್ ಗೆದ್ದ. ಬಹುಮಾನ ಕಟ್ಟೆಯ ಮೇಲೆ ಟ್ರೋಫಿಯ ಅಂಚು ತಾಗಿ ಅವನ ಕೈ ಕೊಯ್ದುಹೋಯಿತು. ಹೊಸ ಗೇರ್‌ಬಾಕ್ಸ್ ಇಡೀ ಪಂದ್ಯದಲ್ಲಿ ಆ ಕೈಗೆ ಏನೂ ಮಾಡಿರಲಿಲ್ಲ.

ಮ್ಯಾನ್ಸೆಲ್ ಈ ಕಥೆಯ ನಾಯಕನಂತೆ ಕಂಡರೂ ಕಥೆ ಅವನದಲ್ಲ. ಅದು ಜಾನ್ ಬರ್ನಾರ್ಡ್ ಎಂಬ ಮುಂಗೋಪಿ ಇಂಗ್ಲಿಷ್ ವಿನ್ಯಾಸಕಾರನದು. 1981ರಲ್ಲಿ ಮೆಕ್‌ಲಾರೆನ್‌ಗಾಗಿ ಕಾರ್ಬನ್ ಫೈಬರ್ ಒಡಲಿನ ಮೊದಲ ಫಾರ್ಮುಲಾ ಒನ್ ಕಾರನ್ನು ರೂಪಿಸಿದವನು ಅವನು. 1986ರ ಕೊನೆಗೆ ಎಂಜೋ ಫೆರಾರಿ ಅವನನ್ನು ಕರೆದಾಗ, ಬರುತ್ತೇನೆ, ಆದರೆ ಇಟಲಿಗೆ ಬರುವುದಿಲ್ಲ ಅಂದ! ಫೆರಾರಿಯ ಮನೆ ಇರುವುದು ಮರನೆಲ್ಲೊದಲ್ಲಿ. ಕಾರು ಹುಟ್ಟುವುದು ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಬಳಿ. ಇಟಲಿಯ ಪತ್ರಿಕೆಗಳಿಗೆ ಇದು ದೊಡ್ಡ ಅವಮಾನದ ಹಾಗೆ ಕಂಡಿತು. ಅದರ ಮೇಲೆ ಬರ್ನಾರ್ಡ್ ಪರೀಕ್ಷಾ ಓಟದ ದಿನ ಮೆಕ್ಯಾನಿಕ್‌ಗಳ ಮಧ್ಯಾಹ್ನದ ಊಟದಿಂದ ವೈನನ್ನೂ ತೆಗೆಸಿದ. ಮದುವೆಯ ಊಟದಲ್ಲಿ ಹೋಳಿಗೆಗೆ ತುಪ್ಪ ಬೇಡ ಅಂದ ಅಡುಗೆಯವನಿಗೆ ನಮ್ಮಲ್ಲಿ ಎಂಥ ಮರ್ಯಾದೆ ಸಿಗಬಹುದೋ, ಅಂಥದೇ ಅವನಿಗೂ ಸಿಕ್ಕಿತು.

ಪ್ಯಾಡಲ್ ಹುಟ್ಟಿದ್ದು ಗೇರ್ ಬೇಗ ಬದಲಿಸಲಿಕ್ಕೆ ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ಬರ್ನಾರ್ಡ್‌ನನ್ನು ಮೊದಲು ಕಾಡಿದ್ದು ವೇಗವಲ್ಲ, ಜಾಗ. ಅವನಿಗೆ ಚಾಲಕ ಕೂರುವ ಒಡಲು ಆದಷ್ಟು ಕಿರಿದಾಗಬೇಕಿತ್ತು, ಗಾಳಿ ಬದಿಯಿಂದ ಸಲೀಸಾಗಿ ಹಿಂದಕ್ಕೆ ಹರಿಯಬೇಕಿತ್ತು. ಆ ಕಿರಿದಾದ ಕೋಣೆಯಲ್ಲಿ ಅಡ್ಡಬರುತ್ತಿದ್ದುದು ಲಿವರ್. ಲಿವರ್ ಒಂದೇ ಆಗಿದ್ದರೆ ಸಹಿಸಬಹುದಿತ್ತು. ಅದನ್ನು ಹಿಡಿಯುವ ಮುಷ್ಟಿಗೆ ಜಾಗ ಬೇಕು, ಮೊಣಕೈ ಆಡಲು ಜಾಗ ಬೇಕು, ಅಲ್ಲಿಂದ ಇಂಧನದ ಟ್ಯಾಂಕು, ಎಂಜಿನ್ ಎಲ್ಲವನ್ನೂ ಬಳಸಿಕೊಂಡು ಹಿಂದಿನ ಗೇರ್‌ಬಾಕ್ಸ್‌ವರೆಗೆ ಹೋಗುವ ಸರಳು, ಕೀಲುಗಳಿಗೆ ಜಾಗ ಬೇಕು. ಇದನ್ನೆಲ್ಲ ಕಿತ್ತುಹಾಕಿ ಎರಡು ತಂತಿ ಎಳೆದರೆ ಹೇಗೆ? ಬೆರಳು ಸ್ವಿಚ್ಚು ಒತ್ತುತ್ತದೆ, ಮಾನ್ಯೆಟಿ ಮರೆಲ್ಲಿ ಕಂಪನಿಯ ಎಲೆಕ್ಟ್ರಾನಿಕ್ ಪೆಟ್ಟಿಗೆ ಅದನ್ನು ಓದುತ್ತದೆ, ಹೈಡ್ರಾಲಿಕ್ ಕವಾಟ ತೆರೆದು ಎಣ್ಣೆಯ ಒತ್ತಡವೇ ಗೇರನ್ನು ತಳ್ಳುತ್ತದೆ. ಕೈ ಸ್ಟೀರಿಂಗ್ ಬಿಡುವುದಿಲ್ಲ ಎಂಬ ಲಾಭ ಹಿಂದೆಯೇ ಬಂತು. ತಪ್ಪು ಗೇರಿಗೆ ಬಿದ್ದು ಎಂಜಿನ್ ಮಿತಿಮೀರಿ ಸುತ್ತಿ ಸಿಡಿಯುವ ಭಯ ಹೋಯಿತು. ಲಿವರ್ ಓಡಾಡುವ ದಾರಿಗಳೇ ಇಲ್ಲವಾದದ್ದರಿಂದ ಏಳನೆಯ ಗೇರನ್ನೂ ಸೇರಿಸಬಹುದಾಯಿತು.

ಇಲ್ಲಿ ಸ್ವಲ್ಪ ನಿಂತು, ಅಲ್ಲಿಯವರೆಗೆ ರೇಸ್ ಚಾಲಕ ಗೇರ್ ಬದಲಿಸಲು ಏನೇನು ಮಾಡುತ್ತಿದ್ದ ಎಂದು ನೋಡಬೇಕು. ತಿರುವು ಹತ್ತಿರ ಬಂದಾಗ ಬಲಗಾಲಿನ ಮುಂಪಾದ ಬ್ರೇಕಿನ ಮೇಲೆ. ಎಡಗಾಲು ಕ್ಲಚ್ಚಿನ ಮೇಲೆ. ಬಲಗೈ ಲಿವರನ್ನು ಕೆಳಗಿನ ಗೇರಿಗೆ ಎಳೆಯುವ ಹೊತ್ತಿಗೆ ಅದೇ ಬಲಗಾಲಿನ ಹಿಮ್ಮಡಿ ಪಕ್ಕಕ್ಕೆ ಹೊರಳಿ ಆಕ್ಸಿಲರೇಟರನ್ನು ಒಮ್ಮೆ ಚುಚ್ಚಬೇಕು, ಎಂಜಿನ್ನಿನ ಸುತ್ತು ಗೇರಿನ ಸುತ್ತಿಗೆ ಹೊಂದಲಿ ಎಂದು. ಇಷ್ಟೂ ಹೊತ್ತು ಒಂದೇ ಕೈಯಲ್ಲಿ ಸ್ಟೀರಿಂಗ್. ಇದು ಒಂದು ಗೇರಿಗೆ. ತಿರುವಿಗೆ ಮೂರು ಗೇರು ಇಳಿಸಬೇಕಾದರೆ ಮೂರು ಸಲ. ಚಿಕ್ಕಂದಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಕೆಂಪು ಬಸ್ಸಿನ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತು ನಾನು ನೋಡುತ್ತಿದ್ದುದು ಇದರ ದೊಡ್ಡಪ್ಪನಂಥ ಕಲೆ. ಗಡಗಡ ನಡುಗುವ ಉದ್ದನೆಯ ಗೇರ್ ರಾಡ್, ಕ್ಲಚ್ ಒಮ್ಮೆ ತುಳಿದು ಬಿಟ್ಟು ಮತ್ತೆ ತುಳಿಯುವ ಡಬಲ್ ಕ್ಲಚ್, ಆ ನಡುವೆ ಎಂಜಿನ್ ಒಂದು ಸಲ ಗುರ್ ಎನ್ನುವುದು. ಡ್ರೈವರಣ್ಣನಿಗೆ ಮೀಟರ್ ನೋಡುವ ಗೊಡವೆಯಿರಲಿಲ್ಲ. ಅವನು ಕಿವಿಯಿಂದಲೇ ಗೇರ್ ಹಾಕುತ್ತಿದ್ದ.

ಗೇರು ಸ್ಟೀರಿಂಗ್ ಹತ್ತಿರ ಬಂದದ್ದು ನಮಗೆ ಹೊಸತಲ್ಲವಲ್ಲ, ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಲ್ಲಿ ಅದು ಅಲ್ಲೇ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಇತ್ತು. ಆದರೆ ಅಲ್ಲಿ ಲಿವರ್ ತನ್ನ ಸರಳು, ಕೀಲುಗಳ ಸಂಸಾರ ಸಮೇತ ನೆಲದಿಂದ ಮೇಲಕ್ಕೆ ಮನೆ ಬದಲಿಸಿತ್ತು, ಅಷ್ಟೇ. ಕೈಗಿದ್ದ ಕೆಲಸ ಹಾಗೇ ಇತ್ತು. ಬರ್ನಾರ್ಡ್‌ಗೆ ಹತ್ತಿರದ ಪೂರ್ವಜರು ಬೇರೆ ಕಡೆ ಇದ್ದಾರೆ. 1930ರ ದಶಕದ ಇಂಗ್ಲಿಷ್ ರೇಸ್ ಕಾರು ಇಆರ್‌ಎ ವಿಲ್ಸನ್ ಪ್ರಿಸೆಲೆಕ್ಟರ್ ಎಂಬ ಗೇರ್‌ಬಾಕ್ಸ್ ಬಳಸಿತ್ತು. ಮುಂದೆ ಬೇಕಾದ ಗೇರನ್ನು ಮೊದಲೇ ಪುಟ್ಟ ಲಿವರ್‌ನಿಂದ ಆರಿಸಿಟ್ಟು, ಬೇಕೆನಿಸಿದಾಗ ಪೆಡಲ್ ತುಳಿದರೆ ಆಯಿತು. ಫೆರಾರಿಯೇ 1979ರ ಸುಮಾರಿಗೆ ಮಾವ್ರೊ ಫೋರ್ಗಿಯೇರಿ ಮುತುವರ್ಜಿಯಲ್ಲಿ ಸ್ಟೀರಿಂಗ್ ಮೇಲೆ ಗುಂಡಿ ಇಟ್ಟು ಗೇರ್ ಬದಲಿಸುವ ಪ್ರಯೋಗ ಮಾಡಿತ್ತು. ಅದನ್ನು ಓಡಿಸಿ ನೋಡಿದ ಜೀಲ್ ವಿಲ್‌ನೆವ್‌ಗೆ ಅದು ಒಗ್ಗಲಿಲ್ಲ. ಲಿವರೇ ಇರಲಿ ಅಂದ. ಅವನ ಮಾತಿಗೆ ಫೆರಾರಿಯಲ್ಲಿ ಬೆಲೆ ಇತ್ತು. ವಿಷಯ ಅಲ್ಲಿಗೆ ಮುಗಿಯಿತು.

ಬರ್ನಾರ್ಡ್ ಚಾಲಕರನ್ನು ಕೇಳಲೇ ಇಲ್ಲ. 1988ರಲ್ಲಿ 639 ಎಂಬ ಪ್ರಯೋಗದ ಕಾರು ತಯಾರಾಯಿತು. ಅದನ್ನು ಓಡಿಸಿ ಪಳಗಿಸುವ ಕೆಲಸಕ್ಕೆ ಇದ್ದವನು ರೊಬರ್ಟೊ ಮೊರೆನೊ ಎಂಬ ಬ್ರೆಜಿಲಿಯನ್. ಈ ಹೆಸರು ನೆನಪಿರಲಿ. ಅದೇ ಆಗಸ್ಟ್ 14ರಂದು ಎಂಜೋ ಫೆರಾರಿ ತೀರಿಕೊಂಡ. ಮುದುಕನ ಮಾತಿನ ಬಲ ಹೋದ ಮೇಲೆ ಕಂಪನಿಯಲ್ಲಿ ಪಾಲುದಾರರಾಗಿದ್ದ ಫಿಯೆಟ್‌ನವರ ಕೈ ಮೇಲಾಯಿತು. ಕೆಡುವ ಗೇರ್‌ಬಾಕ್ಸ್ ನಂಬಿ ಇಡೀ ವರ್ಷವನ್ನು ಜೂಜಿಗೆ ಹಾಕುವುದು ಅವರಿಗೆ ಹಿಡಿಸಲಿಲ್ಲ. ಎಲ್ಲದಕ್ಕೂ ಇರಲಿ ಎಂದು ಲಿವರ್ ಇರುವ ಕಾರನ್ನೂ ಮಾಡು ಎಂಬ ಒತ್ತಡ ಬಂತು. ಬರ್ನಾರ್ಡ್ ಒಪ್ಪಲಿಲ್ಲ, ಕೆಲಸ ಹೋದರೂ ಚಿಂತೆಯಿಲ್ಲ ಎಂದು ಪಟ್ಟು ಹಿಡಿದ. ಅವನ ಹಟದ ಹಿಂದೆ ಒಂದು ಜಾಣತನವಿತ್ತು. ಕಾರನ್ನು ಅವನು ಎಷ್ಟು ಕಿರಿದು ಮಾಡಿದ್ದನೆಂದರೆ, ಆಮೇಲೆ ಯಾರೇ ಮನಸ್ಸು ಬದಲಿಸಿದರೂ ಲಿವರನ್ನು ಇಡಲು ಒಳಗೆ ತಾವೇ ಇರಲಿಲ್ಲ.

ರಿಯೊದ ಗೆಲುವು ಪವಾಡದಂಥದು. ಕಾಯಿಲೆ ಮಾತ್ರ ವಾಸಿಯಾಗಿರಲಿಲ್ಲ. ಮುಂದಿನ ಪಂದ್ಯಗಳಲ್ಲಿ ಕಾರು ಮತ್ತೆ ಮತ್ತೆ ನಿಂತಿತು. ಎಲ್ಲರೂ ಗೇರ್‌ಬಾಕ್ಸನ್ನು ಬೈದರು. ಕೊನೆಗೆ ಕಳ್ಳ ಸಿಕ್ಕಿದ್ದು ಬೇರೆಲ್ಲೋ. ಹನ್ನೆರಡು ಸಿಲಿಂಡರಿನ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಅದುರಿ, ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಕಳಚಿ ಬೀಳುತ್ತಿತ್ತು. ಬೆಲ್ಟ್ ಹೋದರೆ ಕರೆಂಟಿಲ್ಲ. ಕರೆಂಟಿಲ್ಲದಿದ್ದರೆ ಗೇರ್‌ಬಾಕ್ಸಿಗೆ ತಲೆಯೇ ಇಲ್ಲ. ಹಳೆಯ ಲಿವರ್‌ಗೆ ಬ್ಯಾಟರಿ ಸತ್ತರೂ ಚಿಂತೆಯಿರಲಿಲ್ಲ ಎಂಬುದನ್ನು ಅಂದಿನ ಮೆಕ್ಯಾನಿಕ್‌ಗಳು ಒಬ್ಬರಿಗೊಬ್ಬರು ಹೇಳಿಕೊಂಡೇ ಇರಬೇಕು.

ಆ ವರ್ಷ ಎರಡನೆಯ ಪಂದ್ಯ ಇಮೋಲಾದಲ್ಲಿ. ಏಪ್ರಿಲ್ 23ರಂದು ಬರ್ಗರ್‌ನ ಕಾರು ಟಂಬುರೆಲ್ಲೊ ತಿರುವಿನಲ್ಲಿ ಗೋಡೆಗೆ ಬಡಿದು, ಇಂಧನ ಚೆಲ್ಲಿ, ಬೆಂಕಿಯ ಉಂಡೆಯಾಯಿತು. ಅಗ್ನಿಶಾಮಕರು ಅರ್ಧ ನಿಮಿಷದೊಳಗೆ ಬೆಂಕಿ ಆರಿಸಿದ್ದರಿಂದ ಬರ್ಗರ್ ಬದುಕಿದ. ಕೈ ಸುಟ್ಟಿತ್ತು. ಮೊನಾಕೊ ಪಂದ್ಯ ಒಂದನ್ನು ಮಾತ್ರ ಬಿಟ್ಟು ಮೆಕ್ಸಿಕೊಗೆ ಅವನು ಮತ್ತೆ ಹಾಜರು. ಸುಟ್ಟ ಅಂಗೈಯಲ್ಲಿ ಲಿವರ್ ಹಿಡಿದು ಗಂಟೆಗೂ ಮಿಕ್ಕಿ ಜಗ್ಗುವುದು ಬೇರೆ, ಬೆರಳ ತುದಿಯಿಂದ ಪಟ್ಟಿ ಎಳೆಯುವುದು ಬೇರೆ. ಕಿರಿದಾದ ಕಾರಿಗಾಗಿ ಮಾಡಿದ ಏರ್ಪಾಡು ಹೀಗೂ ಒದಗಿತು.

640 ಒಂದು ವಿಚಿತ್ರ ಲೆಕ್ಕ ಉಳಿಸಿಹೋಗಿದೆ. ಅದು ಪಂದ್ಯ ಮುಗಿಸಿದಾಗಲೆಲ್ಲ ಮೊದಲ ಮೂರರೊಳಗೇ ಮುಗಿಸಿತು. ಉಳಿದಂತೆ ಮುಗಿಸಲೇ ಇಲ್ಲ. ಹಂಗರಿಯಲ್ಲಿ ಹನ್ನೆರಡನೆಯ ಸ್ಥಾನದಿಂದ ಹೊರಟ ಮ್ಯಾನ್ಸೆಲ್ ಎಲ್ಲರನ್ನೂ ದಾಟಿ ಗೆದ್ದ. ಪೋರ್ಚುಗಲ್‌ನಲ್ಲಿ ಬರ್ಗರ್ ಗೆದ್ದ. ಬರ್ನಾರ್ಡ್ ಅಷ್ಟರಲ್ಲಿ ಗಂಟುಮೂಟೆ ಕಟ್ಟುತ್ತಿದ್ದ. ಮರುವರ್ಷ ಅವನು ಬೆನೆಟನ್ ತಂಡಕ್ಕೆ ಹೋದ. ಅವನ ಕಾರನ್ನೇ ತಿದ್ದಿ ಮಾಡಿದ 641, ಅಷ್ಟರಲ್ಲಿ ಫೆರಾರಿಗೆ ಬಂದಿದ್ದ ಪ್ರಾಸ್ಟ್‌ನನ್ನು ವಿಶ್ವ ಪ್ರಶಸ್ತಿಯ ಹೊಸ್ತಿಲವರೆಗೆ ಒಯ್ದು, ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಸೊತ್ತಾಗಿದೆ.

ಇಷ್ಟಾದರೂ ಲಿವರ್ ಸೋಲೊಪ್ಪಲಿಲ್ಲ. 1991ರ ಮಾರ್ಚ್ 24. ಮತ್ತೆ ಬ್ರೆಜಿಲ್, ಈ ಸಲ ಸಾವೊ ಪಾಲೊದ ಇಂಟರ್‌ಲಾಗೋಸ್. ಸೆನ್ನಾ ಹುಟ್ಟಿದ ಊರು. ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದರೂ ತವರಿನ ಪಂದ್ಯವನ್ನು ಅವನು ಗೆದ್ದಿರಲಿಲ್ಲ; ಇದು ಎಂಟನೆಯ ಪ್ರಯತ್ನ. ಅವನ ಮೆಕ್‌ಲಾರೆನ್‌ನಲ್ಲಿ ಇನ್ನೂ ಲಿವರ್ ಇತ್ತು. ಬೆನ್ನಟ್ಟಿದವನು ಮ್ಯಾನ್ಸೆಲ್, ಈಗ ವಿಲಿಯಮ್ಸ್ ತಂಡದಲ್ಲಿ. ಫೆರಾರಿ ದಾರಿ ತೋರಿಸಿದ ಮೇಲೆ ವಿಲಿಯಮ್ಸ್ ಕೂಡ ಆ ವರ್ಷದ ಎಫ್‌ಡಬ್ಲ್ಯು14ಕ್ಕೆ ಪ್ಯಾಡಲ್ ಹಾಕಿಕೊಂಡಿತ್ತು.

ಮ್ಯಾನ್ಸೆಲ್‌ನ ಗೇರ್‌ಬಾಕ್ಸ್ ಸುಮಾರು ಅರುವತ್ತನೆಯ ಸುತ್ತಿನಲ್ಲಿ ಕೈಕೊಟ್ಟಿತು. ಕಾರು ಗಿರಕಿ ಹೊಡೆದು ನಿಂತಿತು. ಸೆನ್ನಾನಿಗೆ ಇನ್ನೇನು ಗೆದ್ದಂತೆಯೇ. ಆದರೆ ಅವನ ಗೇರ್‌ಬಾಕ್ಸೂ ಒಳಗೊಳಗೇ ಸಾಯುತ್ತಿತ್ತು. ಮೊದಲು ನಾಲ್ಕನೆಯ ಗೇರು ಹೋಯಿತು. ಅಲ್ಲಿಂದ ಮೂರರಿಂದ ಐದಕ್ಕೆ ಹಾರುತ್ತ, ಜಾರುವ ಲಿವರನ್ನು ಕೈಯಲ್ಲಿ ಅದುಮಿ ಹಿಡಿದುಕೊಂಡು ಓಡಿಸಿದ. ಕೊನೆಯ ಸುತ್ತುಗಳಲ್ಲಿ ಉಳಿದದ್ದು ಆರನೆಯ ಗೇರು ಒಂದೇ. ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲಿ ಹೋಗುತ್ತ ಹಾಗೇ ಹಿಂದಿನ ಗಲ್ಲಿಯ ತಿರುವಿಗೆ ನುಗ್ಗಿದರೆ ಎಂಜಿನ್ ಹೇಗೆ ಉಬ್ಬಸ ಬಿಡುತ್ತದೆಂದು ಕಾರು ಓಡಿಸುವವರಿಗೆ ಗೊತ್ತು. ಅದರ ಮೇಲೆ ಮಳೆ ಹನಿಯತೊಡಗಿತು. ಹಿಂದಿನಿಂದ ಪಟ್ರೇಸೆ ಸುತ್ತು ಸುತ್ತಿಗೂ ಹತ್ತಿರವಾಗುತ್ತಿದ್ದ. 71 ಸುತ್ತು ಮುಗಿದಾಗ ಅವರಿಬ್ಬರ ನಡುವೆ ಉಳಿದದ್ದು ಮೂರು ಸೆಕೆಂಡಿಗೂ ಕಡಿಮೆ. ರೇಡಿಯೊದಲ್ಲಿ ಸೆನ್ನಾ ಅರಚಿದ್ದು ಸಂತೋಷವೋ ನೋವೋ ಕೇಳಿದವರಿಗೆ ತಿಳಿಯಲಿಲ್ಲ. ಭುಜ, ತೋಳುಗಳ ಸ್ನಾಯು ಹಿಡಿದುಕೊಂಡು ಅವನನ್ನು ಕಾರಿನಿಂದ ಎತ್ತಬೇಕಾಯಿತು. ಟ್ರೋಫಿ ಎತ್ತಲು ಅವನ ಕೈ ಮೇಲೇಳುತ್ತಿರಲಿಲ್ಲ.

ಲಿವರ್‌ನ ಅಭಿಮಾನಿಗಳು ಈ ಪಂದ್ಯವನ್ನು ಪುರಾಣದ ಹಾಗೆ ಹೇಳುತ್ತಾರೆ. ನನಗೆ ಅದರಲ್ಲಿ ಲಿವರ್‌ನ ಹೆಚ್ಚುಗಾರಿಕೆ ಏನೂ ಕಾಣುವುದಿಲ್ಲ; ಆ ದಿನ ಎರಡೂ ಬಗೆಯ ಗೇರ್‌ಬಾಕ್ಸ್ ಕೆಟ್ಟವು. ವ್ಯತ್ಯಾಸ ಇಷ್ಟೇ: ಎಲೆಕ್ಟ್ರಾನಿಕ್ ಗೇರ್‌ಬಾಕ್ಸ್ ಕೆಟ್ಟಾಗ ಚಾಲಕನಿಗೆ ಮಾಡಲು ಏನೂ ಇರುವುದಿಲ್ಲ. ಲಿವರ್ ಇದ್ದವನಿಗೆ ಜಗ್ಗಲು ಏನೋ ಒಂದು ಇರುತ್ತದೆ. ಆ ವರ್ಷ ಸೆನ್ನಾ ಚಾಂಪಿಯನ್ ಆದ. ಕೈಯಿಂದ ಗೇರ್ ಹಾಕುವ ಕಾರಿನಲ್ಲಿ ಯಾರಾದರೂ ಫಾರ್ಮುಲಾ ಒನ್ ಚಾಂಪಿಯನ್ ಆದದ್ದು ಅದೇ ಕೊನೆ. ಮರುವರ್ಷ ಮ್ಯಾನ್ಸೆಲ್ ವಿಲಿಯಮ್ಸ್‌ನ ಪ್ಯಾಡಲ್ ಕಾರಿನಲ್ಲಿ ಎಲ್ಲರನ್ನೂ ಗುಡಿಸಿಹಾಕಿದ. ಮೆಕ್‌ಲಾರೆನ್ ಕೂಡ ಅದೇ ದಾರಿ ಹಿಡಿಯಿತು.

1995ರ ಮಾರ್ಚ್ 26ರಂದು, ಮ್ಯಾನ್ಸೆಲ್‌ನ ಗೆಲುವಿಗೆ ಸರಿಯಾಗಿ ಆರು ವರ್ಷ ತುಂಬಿದ ದಿನ, ಮತ್ತೆ ಬ್ರೆಜಿಲ್‌ನಲ್ಲೇ ಋತು ಶುರುವಾಯಿತು. ಸಾಲಿನಲ್ಲಿ ಒಂದೇ ಒಂದು ತಂಡದ ಕಾರಿಗೆ ಇನ್ನೂ ಲಿವರ್ ಇತ್ತು: ಫೋರ್ಟಿ ಎಂಬ ಬಡ ಇಟಾಲಿಯನ್ ತಂಡದ ಹಳದಿ ಕಾರು, ಗೆದ್ದವರಿಗಿಂತ ಎಷ್ಟೋ ಸುತ್ತು ಹಿಂದೆ ತೆವಳುವಂಥದು. ಅದರ ಇಬ್ಬರು ಚಾಲಕರಲ್ಲಿ ಒಬ್ಬ ರೊಬರ್ಟೊ ಮೊರೆನೊ. ಏಳು ವರ್ಷ ಹಿಂದೆ ಫೆರಾರಿಯ ಪ್ಯಾಡಲ್ ಗೇರ್‌ಬಾಕ್ಸನ್ನು ಪಳಗಿಸಿದ ಅದೇ ಮೊರೆನೊ, ಕೊನೆಯ ಲಿವರ್ ಹಿಡಿದು ಕೂತಿದ್ದ.

ರಸ್ತೆಯ ಕಾರಿಗೆ ಪ್ಯಾಡಲ್ ಬಂದದ್ದು 1997ರಲ್ಲಿ, ಫೆರಾರಿ ಎಫ್355ರ ಮೂಲಕ. ಆಗಿನ ಫೆರಾರಿಗಳಲ್ಲಿ ಲಿವರ್ ಅಂದರೆ ಅದೊಂದು ಒಡವೆ. ಹೊಳೆಯುವ ಲೋಹದ ತಟ್ಟೆಯಲ್ಲಿ ಕೊರೆದ ದಾರಿಗಳು, ಆ ದಾರಿಗಳ ನಡುವೆ ತೆಳ್ಳಗಿನ ಸರಳು, ತುದಿಗೆ ಗುಂಡು. ಗೇರ್ ಹಾಕಿದರೆ ಲೋಹಕ್ಕೆ ಲೋಹ ತಾಗಿ ಟಕ್ ಅನ್ನುತ್ತಿತ್ತು. ಆ ಟಕ್‌ಗಾಗಿಯೇ ಹಣ ಕೊಡುವವರಿದ್ದರು. ಅದನ್ನು ಬಿಟ್ಟು ಪ್ಯಾಡಲ್ ಕೊಂಡವರಿಗೆ ಸಿಕ್ಕಿದ್ದು, ನಿಜ ಹೇಳಬೇಕೆಂದರೆ, ಅಷ್ಟೇನೂ ನಯವಾದ ಯಂತ್ರವಲ್ಲ. ಒಳಗೆ ಇದ್ದದ್ದು ಮಾಮೂಲಿ ಗೇರ್‌ಬಾಕ್ಸೇ, ಒಂದೇ ಕ್ಲಚ್ಚೇ. ಕಾಲಿನ ಬದಲು ಪಂಪು ಅದನ್ನು ತುಳಿಯುತ್ತಿತ್ತು, ಅಷ್ಟೇ. ಜೋರಾಗಿ ಓಡಿಸಿದರೆ ಸೊಗಸು. ಊರೊಳಗೆ ನಿಧಾನಕ್ಕೆ ಹೋದರೆ ಗೇರ್ ಬದಲಾದಾಗಲೆಲ್ಲ ತಲೆ ಮುಂದಕ್ಕೆ ಹಿಂದಕ್ಕೆ ತೂಗುತ್ತಿತ್ತು. ಆದರೂ ಕೊಳ್ಳುವವರು ಅದನ್ನೇ ಕೇಳಿದರು. ಫೆರಾರಿಯ ರೇಸ್ ಚಾಲಕ ಶೂಮಾಕರ್ ಎಳೆಯುವ ಪಟ್ಟಿಯನ್ನು ತಾವೂ ಎಳೆಯಬಹುದಲ್ಲ. 2002ರ ಎಂಜೋ ಎಂಬ ಕಾರಿನಲ್ಲಿ ಫೆರಾರಿ ಲಿವರ್ ಬೇಕೇ ಎಂದು ಕೇಳಲೂ ಇಲ್ಲ.

ತಲೆ ತೂಗುವ ಕಾಯಿಲೆಗೆ ಮದ್ದು ಬಹಳ ಹಿಂದೆಯೇ ಹೊಳೆದಿತ್ತು. ಹೊಳೆದದ್ದು ಅಡಾಲ್ಫ್ ಕೆಗ್ರೆಸ್ ಎಂಬ ಫ್ರೆಂಚ್ ಎಂಜಿನಿಯರಿಗೆ, 1939ರಲ್ಲಿ. ಈತ ಹಿಂದೆ ರಷ್ಯಾದ ಕೊನೆಯ ತ್ಸಾರ್ ನಿಕೊಲಸ್‌ನ ಮೋಟಾರು ಖಾನೆ ನೋಡಿಕೊಳ್ಳುತ್ತ, ಹಿಮದಲ್ಲಿ ಹೋಗಲೆಂದು ಅರಸನ ಕಾರಿಗೆ ಹಿಂದಿನ ಚಕ್ರದ ಬದಲು ರಬ್ಬರಿನ ಪಟ್ಟಿ ಹಾಕಿಕೊಟ್ಟವನು. ಅವನ ಯೋಚನೆ ಸರಳ: ಕ್ಲಚ್ ಒಂದಲ್ಲ, ಎರಡು ಇರಲಿ. ಒಂದು ಕ್ಲಚ್ಚಿಗೆ ಒಂದು, ಮೂರು, ಐದನೆಯ ಗೇರು. ಇನ್ನೊಂದಕ್ಕೆ ಎರಡು, ನಾಲ್ಕು. ಬಾವಿಯ ರಾಟೆಗೆ ಹಗ್ಗದ ಎರಡು ತುದಿಗೂ ಕೊಡ ಕಟ್ಟಿದ ಹಾಗೆ. ಒಂದು ಮೇಲೆ ಬರುವಾಗ ಇನ್ನೊಂದು ನೀರಿಗೆ ಇಳಿದು ತುಂಬಿಕೊಂಡಿರುತ್ತದೆ. ಮುಂದಿನ ಗೇರು ಮೊದಲೇ ಕೂತಿರುವುದರಿಂದ, ಬದಲಿಸುವುದೆಂದರೆ ಒಂದು ಕ್ಲಚ್ ಬಿಟ್ಟು ಇನ್ನೊಂದನ್ನು ಹಿಡಿಯುವುದು. ಎಳೆತ ನಡುವೆ ಕಡಿಯುವುದೇ ಇಲ್ಲ. ಯುದ್ಧ ಬಂತು, ಕೆಗ್ರೆಸ್ ಸತ್ತ, ಯೋಚನೆ ಕಪಾಟು ಸೇರಿತು. ಅದನ್ನು ನಡೆಸಬಲ್ಲ ಎಲೆಕ್ಟ್ರಾನಿಕ್ಸ್ ಬರಬೇಕಿತ್ತು. 1980ರ ದಶಕದಲ್ಲಿ ಪೋರ್ಷೆ ತನ್ನ 956, 962 ರೇಸ್ ಕಾರುಗಳಲ್ಲಿ ಪಿಡಿಕೆ ಎಂಬ ಹೆಸರಿನಲ್ಲಿ ಇದನ್ನು ಓಡಿಸಿ ನೋಡಿತು. 1986ರಲ್ಲಿ ಮೊಂಜಾದಲ್ಲಿ ಒಂದು ಪಂದ್ಯವನ್ನೂ ಗೆದ್ದಿತು. ಭಾರ ಹೆಚ್ಚಾಯಿತೆಂದು ಮತ್ತೆ ಕಪಾಟಿಗೆ.

ಅದು ಮಾರಾಟಕ್ಕೆ ಬಂದದ್ದು 2003ರಲ್ಲಿ, ಫೆರಾರಿ ಪೋರ್ಷೆಗಳಲ್ಲಲ್ಲ, ಫೋಕ್ಸ್‌ವಾಗನ್ ಗಾಲ್ಫ್ ಆರ್32ರಲ್ಲಿ, ಡಿಎಸ್‌ಜಿ ಎಂಬ ಹೆಸರಿನಿಂದ. ಗೃಹಸ್ಥರ ಕಾರು. ಅಲ್ಲಿಂದ ಲಿವರ್‌ಗೆ ಉಳಿದಿದ್ದ ಕೊನೆಯ ಸಬೂಬು ಕೂಡ ಹೋಯಿತು. ಅಲ್ಲಿಯವರೆಗೆ, ಪ್ಯಾಡಲ್ ಬೇಗ ನಿಜ, ಆದರೆ ಒರಟು ಎನ್ನಬಹುದಿತ್ತು. ಈಗ ಅದು ಬೇಗವೂ ನಯವೂ ಆಯಿತು, ಟ್ರಾಫಿಕ್ಕಿನಲ್ಲಿ ಎಡಗಾಲಿಗೆ ನೆಮ್ಮದಿಯೂ ಸಿಕ್ಕಿತು. 2007ರ ನಿಸಾನ್ ಜಿಟಿ-ಆರ್‌ಗೆ ಲಿವರ್ ಇರಲಿಲ್ಲ. 2009ರ ಫೆರಾರಿ 458ಕ್ಕೂ ಇರಲಿಲ್ಲ. ಲ್ಯಾಂಬೊರ್ಗಿನಿ 2013ರಲ್ಲಿ ಗಲಾರ್ಡೊ ಜತೆಗೇ ಅದನ್ನು ಮಣ್ಣು ಮಾಡಿತು.

ಅದೇ 2013ರಲ್ಲಿ ಪೋರ್ಷೆ ತನ್ನ 911 ಜಿಟಿ3ರ ಹೊಸ ಅವತಾರವನ್ನು ಜಿನೀವಾದಲ್ಲಿ ತೋರಿಸಿದಾಗ ಗಲಾಟೆ ಎದ್ದಿತು. ಜಿಟಿ3 ಅಂದರೆ ಅಲಂಕಾರ ಬೇಡ, ಓಡಿಸುವ ಸುಖ ಸಾಕು ಅನ್ನುವವರ ಕಾರು. ಅದಕ್ಕೇ ಲಿವರ್ ಇಲ್ಲ, ಪಿಡಿಕೆ ಮಾತ್ರ! ಲ್ಯಾಪ್ ಸಮಯ ಕಡಿಮೆಯಾಗುತ್ತದೆ ಎಂದು ಕಂಪನಿ ಲೆಕ್ಕ ಕೊಟ್ಟಿತು. ಲೆಕ್ಕ ಸರಿಯಾಗಿಯೇ ಇತ್ತು. ಕೇಳಿದವರಿಗೆ ಲೆಕ್ಕ ಬೇಕಿರಲಿಲ್ಲ. 2016ರಲ್ಲಿ ಪೋರ್ಷೆ 911 ಆರ್ ಎಂಬ ಕಾರು ಮಾಡಿತು. ಆರು ಗೇರಿನ ಲಿವರ್, ಮೂರು ಪೆಡಲ್, ಒಟ್ಟು 991 ಕಾರು. ಕೊಂಡವರಲ್ಲಿ ಕೆಲವರು ಕೀಲಿಕೈ ಬಿಸಿ ಆರುವ ಮೊದಲೇ ಎಷ್ಟೋ ಪಟ್ಟು ಬೆಲೆಗೆ ಮಾರಿದರು. ಮರುವರ್ಷದ ಜಿಟಿ3ರಲ್ಲಿ ಲಿವರ್ ಹಿಂದಿರುಗಿತು, ಬೇಕಾದವರಿಗೆ. ಕಂಪನಿಯದೇ ಅಂಕಿ: ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ ಪಿಡಿಕೆಗೆ 3.4 ಸೆಕೆಂಡು, ಲಿವರ್‌ಗೆ 3.9. ಆ ಅರ್ಧ ಸೆಕೆಂಡು ಕಳೆದುಕೊಳ್ಳಲೆಂದೇ ಜನ ಸಾಲು ನಿಂತರು.

ಇಲ್ಲಿ ಒಂದು ಹಳೆಯ ಹೆಸರು ಬರುತ್ತದೆ. ಬರ್ನಾರ್ಡ್ ಮೆಕ್‌ಲಾರೆನ್ ಬಿಟ್ಟು ಫೆರಾರಿಗೆ ಹೋದ ಮೇಲೆ, 1987ರಲ್ಲಿ ಮೆಕ್‌ಲಾರೆನ್‌ನ ತಾಂತ್ರಿಕ ಹೊಣೆ ಹೊತ್ತು ಬಂದವನು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಹುಟ್ಟಿದ ಗಾರ್ಡನ್ ಮರ್ರಿ. ಅವನು 1992ರಲ್ಲಿ ಮೆಕ್‌ಲಾರೆನ್ ಎಫ್1 ಎಂಬ ರಸ್ತೆಯ ಕಾರು ರೂಪಿಸಿದಾಗ ರೇಸಿನಲ್ಲಿ ಪ್ಯಾಡಲ್ ಗೆದ್ದಾಗಿತ್ತು. ಮರ್ರಿ ಚಾಲಕನನ್ನು ನಡುವೆ ಕೂರಿಸಿ, ಅವನ ಬಲಗೈಗೆ ಲಿವರ್ ಕೊಟ್ಟ. 2020ರಲ್ಲಿ ಎಪ್ಪತ್ತು ದಾಟಿದ ಮೇಲೆ ತನ್ನದೇ ಕಂಪನಿಯಿಂದ ಟಿ.50 ಎಂಬ ಇನ್ನೊಂದು ಕಾರು ತಂದ. ನಿಮಿಷಕ್ಕೆ 12,100 ಸುತ್ತು ಸುತ್ತುವ ವಿ12 ಎಂಜಿನ್, 986 ಕೆ.ಜಿ. ತೂಕ, ನೂರೇ ಕಾರು. ಮತ್ತೆ ಲಿವರ್, ಮತ್ತೆ ಆರು ಗೇರು. ಒಂದು ಗ್ರಾಮಿನಷ್ಟು ತೂಕ ಉಳಿಸಲೂ ಹೆಣಗುವ ಮನುಷ್ಯ. ಬರ್ನಾರ್ಡ್ ಯಾವ ಕೈಗೆ ಜಾಗವಿಲ್ಲ ಅಂದನೋ, ಅದೇ ಕೈಗಾಗಿ ಇವನು ತನ್ನ ಕಾರಿನಲ್ಲಿ ಜಾಗ ಮಾಡಿಕೊಟ್ಟ.

ಇದೆಲ್ಲ ಕೋಟಿಗಳ ಮಾತು. ನಮ್ಮ ಬೆಂಗಳೂರಿನಲ್ಲಿ ಪ್ಯಾಡಲ್ ಇರುವ ಕಾರು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿರುವುದನ್ನು ನೋಡಿದಾಗ ನನಗೆ ಮದುವೆಗೆಂದು ಹೊಲಿಸಿ ಪೆಟ್ಟಿಗೆಯಲ್ಲಿಟ್ಟ ಜರಿಕೋಟು ನೆನಪಾಗುತ್ತದೆ. ಅದೇ ಬೆಂಗಳೂರಿನಲ್ಲಿ 2001ರಲ್ಲೇ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ರಸ್ತೆಗಿಳಿದಿತ್ತು. ಅದಕ್ಕೆ ಕ್ಲಚ್ಚೂ ಇರಲಿಲ್ಲ, ಗೇರ್ ಬದಲಿಸುವ ರಗಳೆಯೂ ಇರಲಿಲ್ಲ. ಮೋಟಾರಿಗೆ ಅದರ ಅಗತ್ಯವೇ ಇಲ್ಲ. ಆಗ ನಾವು ಅದನ್ನು ಆಟದ ಸಾಮಾನು ಎಂದು ನಕ್ಕಿದ್ದೆವು. ಪ್ಯಾಡಲ್ ದೊಡ್ಡದೋ ಲಿವರ್ ದೊಡ್ಡದೋ ಎಂಬ ಜಗಳ ನಡೆಯುತ್ತಿದ್ದಾಗ, ಇಬ್ಬರನ್ನೂ ಮನೆಗೆ ಕಳಿಸುವವನು ಪಕ್ಕದ ಲೇನಿನಲ್ಲಿ ಸದ್ದಿಲ್ಲದೆ ಹೋಗುತ್ತಿದ್ದ.

ಈಗ ಆ ಕಾಲ ಬಂದಿದೆ, ಒಂದು ತಮಾಷೆಯೊಂದಿಗೆ. 2023ರಲ್ಲಿ ಹ್ಯುಂಡೈ ಐಯಾನಿಕ್ 5 ಎನ್ ಎಂಬ ವೇಗದ ಎಲೆಕ್ಟ್ರಿಕ್ ಕಾರು ತಂದಿತು. ಅದರ ಸ್ಟೀರಿಂಗ್ ಹಿಂದೆ ಎರಡು ಪ್ಯಾಡಲ್ ಇವೆ. ಎಳೆದರೆ ಇಲ್ಲದ ಎಂಟು ಗೇರುಗಳ ನಡುವೆ ಕಾರು ಗೇರ್ ಬದಲಿಸಿದಂತೆ ನಟಿಸುತ್ತದೆ. ಮೋಟಾರಿನ ಎಳೆತವನ್ನು ಬೇಕೆಂದೇ ಒಂದು ಕ್ಷಣ ತಡೆದು ಹಿಂದಿನಿಂದ ಗುದ್ದಿದ ಹಾಗೆ ಮಾಡುತ್ತದೆ, ಸ್ಪೀಕರಿನಿಂದ ಎಂಜಿನ್ ಸದ್ದು ಕೇಳಿಸುತ್ತದೆ. ಟೊಯೋಟಾ ಎಂಜಿನಿಯರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲೆಕ್ಸಸ್ ಎಲೆಕ್ಟ್ರಿಕ್ ಕಾರೊಂದಕ್ಕೆ ಗೇರ್ ಲಿವರ್ ಹಾಕಿ, ಕ್ಲಚ್ ಪೆಡಲ್ ಹಾಕಿ, ಪತ್ರಕರ್ತರಿಗೆ ಓಡಿಸಲು ಕೊಟ್ಟರು. ಆ ಲಿವರ್ ಯಾವ ಗೇರಿಗೂ ಸೇರಿಲ್ಲ, ಆ ಪೆಡಲ್ ಯಾವ ಕ್ಲಚ್ಚನ್ನೂ ಬಿಡಿಸುವುದಿಲ್ಲ, ಎಲ್ಲ ಸಾಫ್ಟ್‌ವೇರ್. ಆದರೆ ಕ್ಲಚ್ಚನ್ನು ಗಡಿಬಿಡಿಯಲ್ಲಿ ಬಿಟ್ಟರೆ ಆ ಕಾರು, ಡ್ರೈವಿಂಗ್ ಸ್ಕೂಲಿನ ಮೊದಲ ದಿನದ ಹಾಗೆ, ಜಗ್ಗಿ ನಿಂತುಬಿಡುತ್ತದೆ.